ಟಿಕೆಟ್ ಫ್ರೀ, ಬಸ್ ಎಲ್ಲಿ?

ಶಕ್ತಿ ಯೋಜನೆ ಒಳ್ಳೇದಾ ಕೆಟ್ಟದ್ದಾ ಅಂತ ನಮ್ಮ ಕಡೆ ಇನ್ನೂ ವಾದ ಮುಗಿದಿಲ್ಲ. 'ಬಿಟ್ಟಿ ಕೊಟ್ಟು ಹೆಂಗಸರನ್ನ ಹಾಳು ಮಾಡಿದ್ರು' ಅಂತಾರೆ ಅಂಗಡಿ ಜಗಲಿ ಮೇಲೆ ಕೂತ ಗಂಡಸರು. ಹಾಳಾಗೋಕಾದ್ರೂ ಮೊದ್ಲು ಬಸ್ ಬರ್ಬೇಕಲ್ಲ ಮಾರಾಯ್ರೇ!

2023ರ ಜೂನ್ 11ಕ್ಕೆ ಶುರುವಾದ ಈ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಹಳ್ಳಿ ಕಡೆ ನಾವು ಹೆಚ್ಚಾಗಿ ನಂಬಿಕೊಂಡಿರೋದು ಖಾಸಗಿ ಬಸ್ಸನ್ನ. ಅಲ್ಲಿ ಆಧಾರ್ ಕಾರ್ಡ್ ತೋರಿಸಿದ್ರೆ ನಡೆಯೋದಿಲ್ಲ, ದುಡ್ಡೇ ಕೊಡ್ಬೇಕು. ಮೊದ್ಲು ನಮ್ಮ ಸಹಕಾರ ಸಾರಿಗೆ ಇತ್ತು. 1991ರಲ್ಲಿ ಕೊಪ್ಪದಲ್ಲಿ ಕೆಲಸಗಾರರೇ ಸೇರಿ ಕಟ್ಟಿದ್ದು, ಒಳಗಿನ ಊರಿಗೂ ಬರ್ತಿತ್ತು. 2020ರಲ್ಲಿ ಅದೂ ನಿಂತೇ ಹೋಯ್ತು.

ಬೆಂಗಳೂರಿನ ಹೆಣ್ಮಕ್ಕಳಿಗೆ ತಿಂಗಳ ಬಸ್ ಖರ್ಚು ಉಳೀತು, ಸಂತೋಷವೇ. ಇಲ್ಲಿ ತೋಟದ ಕೆಲಸಕ್ಕೆ ಹೋಗೋರು, ಬಿ.ಪಿ. ಮಾತ್ರೆ ತರೋಕೆ ಪೇಟೆಗೆ ಹೊರಟ ಅತ್ತೆ, ಕಾಲೇಜಿನ ಹುಡುಗಿ, ಇವರೆಲ್ಲ ಆಟೋಗೆ ಕೊಡೋ ದುಡ್ಡು ಯಾರ ಲೆಕ್ಕಕ್ಕೆ?

ಫ್ರೀ ಬೇಕಾ ಬೇಡ್ವಾ ಅನ್ನೋ ಜಗಳ ಅವರಿಗೇ ಇರ್ಲಿ. ನಾವು ಮುಂದಿನ ಗ್ರಾಮಸಭೆಗೆ ಹೋಗೋಣ. ಬೆಳಗ್ಗೆ ಒಂದು, ಸಂಜೆ ಒಂದು ಸರ್ಕಾರಿ ಬಸ್ ಬೇಕು ಅಂತ ಅರ್ಜಿ ಬರೆದು ಎಲ್ರೂ ಸಹಿ ಹಾಕೋಣ. ಓಟು ಕೇಳೋಕೆ ಜೀಪು ಮನೆ ಬಾಗಿಲಿಗೇ ಬರ್ತದಲ್ಲ, ಅದೇ ರಸ್ತೇಲಿ ಬಸ್ ಬರೋಕೆ ಎಂತ ಕಷ್ಟ?