‘ಯುಎ 16+’ ಅಂದರೆ 15ರ ಮಗನಿಗೆ ಪ್ರವೇಶ ಇಲ್ಲವೇ?

“ಈ ಸಿನಿಮಾಗೆ ಯುಎ 16+ ಸಿಕ್ಕಿದೆ, 16 ವರ್ಷದೊಳಗಿನವರನ್ನು ಥಿಯೇಟರ್ ಒಳಗೆ ಬಿಡುವುದಿಲ್ಲ” ಎಂಬ ಅರ್ಥದ ಮೆಸೇಜ್ ನಿಮಗೂ ಬಂದಿದ್ದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ನಿಮಿಷ ನಿಲ್ಲಿ. ಅದು ತಪ್ಪು.

ಯುಎ ಎನ್ನುವುದು ನಿಷೇಧವಲ್ಲ, ಅಪ್ಪ-ಅಮ್ಮನಿಗೆ ಕೊಟ್ಟ ಸೂಚನೆ. ಮೊದಲು ಇದ್ದದ್ದು ಯು ಮತ್ತು ಎ ಎರಡೇ. 1983ರಲ್ಲಿ ಯುಎ ಬಂತು. (ಅದೇ ವರ್ಷ ಮಂಡಳಿಯ ಹೆಸರಿನಿಂದ ‘ಸೆನ್ಸಾರ್’ ಪದವನ್ನೂ ತೆಗೆದರು. ನಾವಿನ್ನೂ ಸೆನ್ಸಾರ್ ಬೋರ್ಡ್ ಎಂದೇ ಕರೆಯುತ್ತೇವೆ.) 2023ರ ತಿದ್ದುಪಡಿಯಲ್ಲಿ ಯುಎ ಅನ್ನು 7+, 13+, 16+ ಎಂದು ಒಡೆದರು. ಈ ವಯಸ್ಸಿನ ಗುರುತನ್ನು ಪೋಷಕರ ಹೊರತು ಬೇರೆ ಯಾರೂ ಜಾರಿ ಮಾಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ.

ಗೊಂದಲ ಇರುವುದು ಇಲ್ಲಿಯೇ. ಅಪ್ಪನ ಜೊತೆ ಆರು ವರ್ಷದ ಮಗು ಯುಎ 16+ ಚಿತ್ರ ನೋಡಬಹುದು. ಆದರೆ ಎ ಚಿತ್ರಕ್ಕೆ 17ರ ಹುಡುಗಿ ಅಮ್ಮನ ಕೈ ಹಿಡಿದು ಬಂದರೂ ಪ್ರವೇಶವಿಲ್ಲ. ಅಮೆರಿಕದಲ್ಲಿ ‘ಆರ್’ ಗುರುತಿನ ಚಿತ್ರಕ್ಕೂ ದೊಡ್ಡವರ ಜೊತೆ ಮಕ್ಕಳು ಹೋಗಬಹುದು. ನಮ್ಮಲ್ಲಿ ಯುಎ ತನಕ ಎಲ್ಲವೂ ಪೋಷಕರ ಕೈಯಲ್ಲಿ, ಎ ಬಂದ ಕೂಡಲೇ ಏನೂ ಇಲ್ಲ.

ಎ ಅಂದರೆ ಅಶ್ಲೀಲ ಎಂಬ ನಂಬಿಕೆಯೂ ಸರಿಯಲ್ಲ, ವಿಪರೀತ ಹಿಂಸೆಗೂ ಎ ಸಿಗುತ್ತದೆ. ಆ ಅಕ್ಷರಕ್ಕೆ ಎಂಥ ಕುತೂಹಲ ಅಂಟಿದೆ ಎಂದರೆ 1998ರಲ್ಲಿ ಉಪೇಂದ್ರ ತಮ್ಮ ಚಿತ್ರಕ್ಕೆ ‘ಎ’ ಎಂದೇ ಹೆಸರಿಟ್ಟರು! ನಿರ್ಮಾಪಕರ ಚಿಂತೆ ಮಾತ್ರ ಬೇರೆ. ಎ ಸಿಕ್ಕ ಚಿತ್ರವನ್ನು ಟಿವಿಯಲ್ಲಿ ಹಾಗೆಯೇ ಹಾಕುವಂತಿಲ್ಲ, ಕತ್ತರಿಸಿ ಮತ್ತೆ ಮಂಡಳಿಗೆ ಹೋಗಬೇಕು. ಕುಟುಂಬ ಪ್ರೇಕ್ಷಕರೂ ಕಡಿಮೆಯಾಗುತ್ತಾರೆ. ಹಾಗಾಗಿ ಎರಡು ಬೈಗುಳ ಮ್ಯೂಟ್ ಮಾಡಿ, ಒಂದಿಷ್ಟು ರಕ್ತ ತೆಗೆದು ಯುಎ ಪಡೆಯುವ ಪ್ರಯತ್ನ ನಡೆಯುತ್ತದೆ. ಕಥೆ, ಕ್ರೌರ್ಯದ ಧಾಟಿ ಬಹುತೇಕ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಯುಎ ನೋಡಿ ‘ಮಕ್ಕಳಿಗೆ ಓಕೆ’ ಎಂದುಕೊಳ್ಳುವುದು ನನ್ನ ಪ್ರಕಾರ ಆ ಫಾರ್ವರ್ಡ್‌ಗಿಂತ ದೊಡ್ಡ ತಪ್ಪು ತಿಳಿವಳಿಕೆ.

ಇನ್ನು ಸಿಗರೇಟಿನ ವಿಷಯ. ಹೀರೊ ಹತ್ತು ಜನರನ್ನು ಕೊಚ್ಚುವಾಗ ಪರದೆಯ ಕೆಳಗೆ ಏನೂ ಬರುವುದಿಲ್ಲ, ಆಮೇಲೆ ಬೀಡಿ ಹಚ್ಚಿದರೆ ಎಚ್ಚರಿಕೆ ಬರುತ್ತದೆ. ಕಾರಣ ಸರಳ: ಅದು ಮಂಡಳಿಯ ರೇಟಿಂಗ್ ಅಲ್ಲ, ತಂಬಾಕು ಕಾನೂನಿನಡಿ ಆರೋಗ್ಯ ಸಚಿವಾಲಯ ಮಾಡಿದ ನಿಯಮ. ಕೊಲೆಗೆ ಅಂಥ ನಿಯಮ ಯಾವ ಇಲಾಖೆಯೂ ಮಾಡಿಲ್ಲ. ಇದನ್ನು ಒಪ್ಪದ ವುಡಿ ಅಲೆನ್ 2013ರಲ್ಲಿ ‘ಬ್ಲೂ ಜಾಸ್ಮಿನ್’ ಚಿತ್ರವನ್ನು ಭಾರತದಲ್ಲಿ ಬಿಡುಗಡೆಯೇ ಮಾಡಲಿಲ್ಲ. 2023ರ ಸೆಪ್ಟೆಂಬರ್‌ನಿಂದ ಇದು ಒಟಿಟಿಗೂ ಅನ್ವಯ.

ಒಟಿಟಿಯಲ್ಲಿ ವಯಸ್ಸಿನ ಗುರುತು ಹಾಕುವುದು ಮಂಡಳಿಯಲ್ಲ, 2021ರ ನಿಯಮಗಳಂತೆ ಕಂಪನಿಯೇ. ಅಲ್ಲಿ ಗೇಟ್ ಬಳಿ ತಡೆಯುವವರೂ ಇಲ್ಲ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೇರೆಂಟಲ್ ಲಾಕ್ ಸೌಲಭ್ಯವನ್ನು ಕಂಪನಿ ಕೊಡಲೇಬೇಕು, ಆದರೆ ಪಿನ್ ಹಾಕಬೇಕಾದವರು ನೀವು. ಶುರುವಿನಲ್ಲಿ ‘ಹಿಂಸೆ’, ‘ಬೈಗುಳ’, ‘ಆತ್ಮಹತ್ಯೆ’ ಎಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದಲ್ಲ, ಮಗುವಿಗೆ ತೋರಿಸಬೇಕೋ ಬೇಡವೋ ಎಂದು ನಿರ್ಧರಿಸಲು 16+ ಎಂಬ ಅಂಕಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.