ಬೀಜಕ್ಕೆ ತೆರೆದ ದಾರಿ ಸಸಿಗೂ ತೆರೆಯಲಿ

2020ರ ಮಾರ್ಚ್ 25ರಂದು ಯುಗಾದಿ. ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದದ್ದೂ ಅಂದೇ. ಹಬ್ಬಕ್ಕೆಂದು ಬೆಳೆದ ಹೂವು ಮಾರುಕಟ್ಟೆಯ ಮುಖ ಕಾಣಲಿಲ್ಲ. ಅದರ ಹಿಂದೆಯೇ ಬರಬೇಕಿದ್ದ ಜಾತ್ರೆ, ತೇರು, ಮದುವೆಗಳೂ ನಿಂತುಹೋದವು. ಹೊಲದಲ್ಲಿಯೇ ಬಾಡಿದ ಹೂವಿನ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಸರ್ಕಾರದ ಗಮನವೂ ಅತ್ತ ಹರಿಯಿತು. ಆದರೆ ಅದೇ ದಿನಗಳಲ್ಲಿ ನೆರಳು ಪರದೆಯ ಕೆಳಗೆ ಟ್ರೇಗಳಲ್ಲಿ ಬೆಳೆದು, ಕೊಳ್ಳುವವರಿಲ್ಲದೆ ಬಲಿತು ತಿಪ್ಪೆ ಸೇರಿದ ಸಸಿಗಳನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿದ ಬಳಿಕ ಈ ವಿಷಯವನ್ನು ಮತ್ತೆ ಎತ್ತುವುದೇಕೆಂದು ಓದುಗರು ಕೇಳಬಹುದು. ಎರಡು ರಾಜ್ಯಗಳ ಗಡಿಗೆ ತಾಗಿಕೊಂಡಿರುವ ಜಿಲ್ಲೆ ನಮ್ಮದು. 2023ರ ಸೆಪ್ಟೆಂಬರಿನಲ್ಲಿ ಕೋಳಿಕ್ಕೋಡಿನಲ್ಲಿ ನಿಫಾ ಕಾಣಿಸಿಕೊಂಡದ್ದನ್ನು ನೆನೆದರೆ ಸಾಕು, ರಸ್ತೆಗಳು ಇನ್ನೊಮ್ಮೆ ಮುಚ್ಚುವ ಸಂದರ್ಭ ದೂರದ ಮಾತಲ್ಲವೆಂಬುದು ತಿಳಿಯುತ್ತದೆ. ಆ ದಿನ ಬರುವುದಕ್ಕೆ ಮೊದಲೇ ಯೋಚಿಸಬೇಕಾದ ಸಂಗತಿಯಿದು.

ಹರವೆ ಹೋಬಳಿಯಿಂದ ತೆರಕಣಾಂಬಿ, ಗುಂಡ್ಲುಪೇಟೆಯವರೆಗಿನ ರೈತರು ಇಂದು ಟೊಮ್ಯಾಟೊ, ಎಲೆಕೋಸು, ಮೆಣಸಿನಕಾಯಿ, ಚೆಂಡು ಹೂವಿನ ಪೈರನ್ನು ಬಹುಮಟ್ಟಿಗೆ ನರ್ಸರಿಗಳಿಂದಲೇ ತರುತ್ತಾರೆ. ಹಿಂದೆ ಹೊಲದ ಮೂಲೆಯಲ್ಲಿ ಮನೆಯವರೇ ಪಾತಿ ಮಾಡಿ ಬೀಜ ಚೆಲ್ಲುತ್ತಿದ್ದರು. ಬೀಜದ ಬೆಲೆ ಏರಿದಂತೆ, ಒಂದೊಂದು ಬೀಜವನ್ನೂ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯ ಒಂದೊಂದು ಗುಳಿಯಲ್ಲಿ ಊರುವ ಪದ್ಧತಿ ಬಂದಿತು. ಟೊಮ್ಯಾಟೊ, ಕೋಸಿನ ಸಸಿ ಸುಮಾರು 25 ದಿನಕ್ಕೆ ನಾಟಿಗೆ ಬರುತ್ತದೆ. ಮೆಣಸಿನಕಾಯಿಗೆ 35ರಿಂದ 40 ದಿನ ಬೇಕು. ಅದಾದ ಮೇಲೆ ಕೆಲವೇ ದಿನಗಳ ಅವಕಾಶ. ಗಡುವು ಮೀರಿದರೆ ಗುಳಿಯೊಳಗೆ ಬೇರು ಸುತ್ತಿಕೊಳ್ಳುತ್ತದೆ, ಕಾಂಡ ಸೊರಗಿ ಉದ್ದವಾಗುತ್ತದೆ. ನೆಟ್ಟರೂ ಫಸಲು ಕೈಕೊಡುತ್ತದೆ. ಬಟ್ಟೆ ಅಂಗಡಿಯವರು ಬೀಗ ಹಾಕಿ ಮನೆಗೆ ಹೋದರೆ ಬಟ್ಟೆ ಹಾಗೆಯೇ ಇರುತ್ತದೆ. ನರ್ಸರಿಯವರು ಬೀಗ ಹಾಕುವಂತೆಯೇ ಇಲ್ಲ. ಮಾರಾಟವಿಲ್ಲದಿದ್ದರೂ ಬೇಸಿಗೆಯಲ್ಲಿ ದಿನಕ್ಕೆರಡು ಬಾರಿ ನೀರು ಹಾಕಬೇಕು, ಆಳಿಗೆ ಕೂಲಿ ಕೊಡಬೇಕು.

ಈಗ ಅಂದಿನ ಆದೇಶಗಳನ್ನು ನೋಡೋಣ. 2020ರ ಮಾರ್ಚ್ 27ರಂದು ಕೇಂದ್ರ ಗೃಹ ಸಚಿವಾಲಯವು ಹೊಲದ ಕೆಲಸಕ್ಕೂ, ಬೀಜ, ಗೊಬ್ಬರ, ಕೀಟನಾಶಕಗಳ ತಯಾರಿಕೆಗೂ ವಿನಾಯಿತಿ ನೀಡಿತು. ಇದು ಸ್ವಾಗತಾರ್ಹವಾದ ಕ್ರಮವೇ ಆಗಿತ್ತು. ಆದರೆ ನಾಟಿ ಸಾಮಗ್ರಿಯನ್ನು, ಅಂದರೆ ಸಸಿ, ಕಸಿ ಗಿಡ, ಕಂದುಗಳನ್ನು, ರಾಜ್ಯದೊಳಗೂ ರಾಜ್ಯಗಳ ನಡುವೆಯೂ ಸಾಗಿಸಬಹುದೆಂದು ಹೆಸರು ಹಿಡಿದು ಹೇಳಿದ ಆದೇಶ ಹೊರಬಿದ್ದದ್ದು ಏಪ್ರಿಲ್ 21ರಂದು. ಲಾಕ್‌ಡೌನ್ ಆರಂಭವಾಗಿ ಅಷ್ಟರಲ್ಲಿ 27 ದಿನಗಳು ಕಳೆದಿದ್ದವು. ಟೊಮ್ಯಾಟೊ ಸಸಿಯೊಂದು ಹುಟ್ಟಿ ನಾಟಿಗೆ ಸಿದ್ಧವಾಗುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಆದೇಶದಲ್ಲಿ ಒಂದು ಪದ ತಡವಾಗಿ ಸೇರಿದ್ದರಿಂದ ನರ್ಸರಿಯ ಒಂದು ಇಡೀ ಸರದಿ ಅತಂತ್ರವಾಯಿತು. ಚೆಕ್‌ಪೋಸ್ಟಿನಲ್ಲಿ ನಿಂತ ಸಿಬ್ಬಂದಿ ಕಾಗದದಲ್ಲಿರುವ ಹೆಸರನ್ನು ನೋಡಿ ಗಾಡಿ ಬಿಡುತ್ತಾರೆಯೇ ಹೊರತು ಸಸಿಯ ವಯಸ್ಸನ್ನು ನೋಡಿ ಅಲ್ಲ.

ಕಾಲವೂ ಪ್ರತಿಕೂಲವಾಗಿತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬುದು ಹಿರಿಯರ ಮಾತು. ನಮ್ಮ ಸೀಮೆಯ ಮುಂಗಾರಿನ ಬೇಸಾಯ ಆರಂಭವಾಗುವುದೇ ಈ ಏಪ್ರಿಲ್–ಮೇ ಮಳೆಗಳಿಂದ. 2021ರಲ್ಲಿ ರಾಜ್ಯದ ಕರ್ಫ್ಯೂ ಆರಂಭವಾದದ್ದು ಏಪ್ರಿಲ್ 27ರಂದು, ಸರಿಯಾಗಿ ಭರಣಿ ಕಾಲಿಡುವ ಹೊತ್ತಿಗೆ. ಓಣಂ ಹಬ್ಬಕ್ಕೆ ಕೇರಳಕ್ಕೆ ಹೋಗುವ ಚೆಂಡು ಹೂವಿಗೆ ಸಸಿ ಏಳಬೇಕಾದದ್ದೂ ಇದೇ ಸಮಯದಲ್ಲಿ. 2020ರ ಆಗಸ್ಟಿನಲ್ಲಿ ಕೇರಳ ಸರ್ಕಾರ ತನ್ನ ಜನರಿಗೆ ಸ್ಥಳೀಯ ಹೂವನ್ನೇ ಬಳಸಿರೆಂದು ಸಲಹೆ ಮಾಡಿತು. ರೋಗದ ಭೀತಿಯ ನಡುವೆ ಆ ಸಲಹೆಯನ್ನು ತಪ್ಪೆನ್ನಲಾಗದು. ಆದರೆ ಗುಂಡ್ಲುಪೇಟೆಯ ರೈತನ ಗಿಡ ಆ ವೇಳೆಗೆ ಹೊಲದಲ್ಲಿತ್ತು.

ಕಾಡು ಮರಗಳ ಸಸಿ ಬೆಳೆಸುವವರ ಕಷ್ಟ ಬೇರೆಯದು. ಬೇವಿನ ಬೀಜ ಹಣ್ಣಾದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನೇರಳೆಯ ಬೀಜವನ್ನೂ ಒಣಗಿಸಿ ಮುಂದಿನ ವರ್ಷಕ್ಕೆ ಕಾದಿರಿಸಲಾಗದು. ಆಯುವ ಕಾಲದಲ್ಲಿ ಆಯದಿದ್ದರೆ ಒಂದು ವರ್ಷದ ಸಸಿಯೇ ಇಲ್ಲ. ಸಣ್ಣ ನರ್ಸರಿಗಳು ಮುಚ್ಚಿದರೆ ನಾಡ ತಳಿಗಳನ್ನು ಗುರುತಿಸಿ, ಆಯ್ದು, ಮೊಳೆಸುವ ತಿಳಿವಳಿಕೆಯೂ ಅವುಗಳೊಡನೆ ಮರೆಯಾಗುತ್ತದೆ. ಲಂಟಾನ ಹಬ್ಬಿರುವ ನಮ್ಮ ಕಾಡಂಚಿನಲ್ಲಿ ಹೊಂಗೆ, ಹೊನ್ನೆ, ನೆಲ್ಲಿ, ಮತ್ತಿಯ ಗಿಡಗಳನ್ನು ಮರಳಿ ತರಬೇಕೆನ್ನುವ ಯಾರಿಗೂ ಇದು ಪರರ ಚಿಂತೆಯಾಗಲಾರದು.

ಪರಿಹಾರ ಬರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. 2020ರ ಮೇ 6ರಂದು ರಾಜ್ಯ ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ನೆರವಿನಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಗರಿಷ್ಠ ಒಂದು ಹೆಕ್ಟೇರಿಗೆ ಮಿತಿಗೊಳಿಸಿ, ಗೊತ್ತುಪಡಿಸಲಾಯಿತು. 2021ರ ಮೇ ತಿಂಗಳ ನೆರವಿನಲ್ಲಿ ಇದು ಹೆಕ್ಟೇರಿಗೆ 10,000 ರೂಪಾಯಿಯಾಯಿತು. ನಮ್ಮ ಆಕ್ಷೇಪವಿರುವುದು ಅಳತೆಗೋಲಿನ ಬಗ್ಗೆ. ಹತ್ತು ಗುಂಟೆಯ ಒಂದು ನರ್ಸರಿಯಲ್ಲಿ ಒಂದು ಲಕ್ಷ ಸಸಿ ಇವೆಯೆಂದೂ, ಸಸಿಗೆ ಕೇವಲ 50 ಪೈಸೆ ಬೆಲೆಯೆಂದೂ ಇಟ್ಟುಕೊಳ್ಳೋಣ. ಅವು ಹಾಳಾದರೆ ನಷ್ಟ 50,000 ರೂಪಾಯಿ. ಹೆಕ್ಟೇರಿನ ಲೆಕ್ಕವನ್ನು ಈ ನೆಲಕ್ಕೆ ಹಚ್ಚಿದರೆ 2020ರ ದರದಲ್ಲಿ ಸಿಗುವುದು ಸುಮಾರು 2,500 ರೂಪಾಯಿ; 2021ರ ದರದಲ್ಲಿ 1,000. ಟೊಮ್ಯಾಟೊ ಆದರೆ ಅದೇ ಒಂದು ಲಕ್ಷ ಸಸಿ ಹತ್ತು ಎಕರೆಗೂ ಹೆಚ್ಚು ಹೊಲವನ್ನು ತುಂಬುತ್ತವೆ. ಒಂದು ನರ್ಸರಿ ನಿಂತರೆ ಅದನ್ನು ನಂಬಿದ ಹತ್ತಾರು ಹಿಡುವಳಿಗಳ ನಾಟಿ ತಪ್ಪುತ್ತದೆ. ನೆಲದ ವಿಸ್ತೀರ್ಣದಿಂದ ಅಳೆಯಲಾಗದ ಕಸುಬನ್ನು ನೆಲದಿಂದಲೇ ಅಳೆದರೆ ನ್ಯಾಯ ದೊರೆಯುವುದೆಂತು?

ಬೇರೆ ದೇಶಗಳಲ್ಲಿ ಏನು ಮಾಡಿದರೆಂಬುದನ್ನೂ ಗಮನಿಸಬೇಕು. 2020ರ ಮಾರ್ಚಿನಲ್ಲಿ ನೆದರ್ಲೆಂಡ್ಸ್ ದೇಶದ ಆಲ್ಸ್‌ಮೀರ್ ಹರಾಜು ಕೇಂದ್ರದಲ್ಲಿ ರಾಶಿ ರಾಶಿ ಹೂವನ್ನು ನಾಶಪಡಿಸಬೇಕಾಯಿತು. ಅಲ್ಲಿನ ಸರ್ಕಾರ ಹೂವು ಮತ್ತು ತೋಟಗಾರಿಕೆಯ ಕಸುಬಿಗೆ 60 ಕೋಟಿ ಯೂರೋ ತೆಗೆದಿರಿಸಿ, ಹಿಂದಿನ ವರ್ಷಗಳಿಗಿಂತ ವಹಿವಾಟು ಎಷ್ಟು ಕುಸಿಯಿತೆಂಬುದನ್ನು ಆಧಾರವಾಗಿಟ್ಟುಕೊಂಡಿತು. ಇಂಗ್ಲೆಂಡಿನಲ್ಲಿ ಗಿಡ ಮಾರುವ ಮಳಿಗೆಗಳು 2020ರ ಮೇ 13ರಂದು, ಇತರ ಸಾಮಾನ್ಯ ಅಂಗಡಿಗಳಿಗಿಂತ ಒಂದು ತಿಂಗಳು ಮೊದಲೇ ತೆರೆದವು; ಅಲ್ಲಿ ವ್ಯಾಪಾರ ಬಹುಪಾಲು ಬಯಲಿನಲ್ಲಿ ನಡೆಯುತ್ತದೆಂಬುದೇ ಕಾರಣ. ನಮ್ಮ ನರ್ಸರಿಗಳಂತೂ ಹೊಲದ ನಡುವೆಯೇ ಇವೆ.

ನಿರ್ಬಂಧವೇ ಕೂಡದೆಂಬುದು ನಮ್ಮ ವಾದವಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಸಂಭವಿಸಿದ ಸಾವುಗಳನ್ನು ಕಂಡ ಜಿಲ್ಲೆ, ರೋಗವನ್ನು ಹಗುರವಾಗಿ ಕಾಣಲಾರದು. ನಿರ್ಬಂಧದೊಡನೆ ಬಾಳುವುದನ್ನೂ ನಾವು ಬಲ್ಲೆವು. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ 2009ರಿಂದ ಇದೆ. ವನ್ಯಜೀವಿಗಳ ಹಿತಕ್ಕಾಗಿ ನಾವೆಲ್ಲ ಬೆಂಬಲಿಸುವ ಆ ನಿಯಮಕ್ಕೆ ತರಕಾರಿ, ಹೂವಿನ ಸಾಗಣೆ ಹೊಂದಿಕೊಂಡಿದೆ. ಹೊತ್ತು ಮೊದಲೇ ಗೊತ್ತಿರುವುದರಿಂದ ಲಾರಿ ಅದಕ್ಕೆ ತಕ್ಕಂತೆ ಹೊರಡುತ್ತದೆ. ನರ್ಸರಿಗೂ ಬೇಕಾಗಿರುವುದು ಇಂಥ ಮುಂಗಾಣ್ಕೆಯ ನಿಯಮ.

ಆದುದರಿಂದ ನಮ್ಮ ಒತ್ತಾಯಗಳು ಇವು. ಮೊದಲನೆಯದಾಗಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ತನ್ನ ಯೋಜನೆಯಲ್ಲಿ ಬೀಜ, ಗೊಬ್ಬರಗಳ ಪಕ್ಕದಲ್ಲಿಯೇ ಸಸಿ ಮತ್ತು ನರ್ಸರಿ ಎಂಬ ಪದಗಳನ್ನು ಈಗಲೇ ಸೇರಿಸಬೇಕು. ಎರಡನೆಯದಾಗಿ, ಹೋಬಳಿ ಮಟ್ಟದಲ್ಲಿ ಸಣ್ಣ ನರ್ಸರಿಗಳ ಪಟ್ಟಿ ಸಿದ್ಧವಾಗಬೇಕು. ಪರಿಹಾರದ ಲೆಕ್ಕ ಸಸಿಯ ಸಂಖ್ಯೆ ಮತ್ತು ಖರ್ಚಿನ ಮೇಲೆ ನಡೆಯಬೇಕು. ಮೂರನೆಯದಾಗಿ, ಮಾರುಕಟ್ಟೆ ಮುಚ್ಚಿದಾಗ ಗ್ರಾಮ ಪಂಚಾಯಿತಿ, ಅರಣ್ಯ ಇಲಾಖೆ, ಶಾಲೆಗಳು ತಮಗೆ ಬೇಕಾದ ಗಿಡಗಳನ್ನು ಇವರಿಂದ ಕೊಳ್ಳಬೇಕು. 2020ರ ಏಪ್ರಿಲ್ 20ರಿಂದಲೇ ಉದ್ಯೋಗ ಖಾತರಿ ಕೆಲಸಗಳಿಗೆ ಅನುಮತಿ ದೊರೆತಿತ್ತು. ಆ ವರ್ಷ ರಾಜ್ಯದಲ್ಲಿ ದಿನಗೂಲಿ 275 ರೂಪಾಯಿ. ಗುಂಡಿ ತೆಗೆಯುವವರಿಗೆ ಕೂಲಿ ಕೊಡಲು ಸಾಧ್ಯವಾದಾಗ, ಆ ಗುಂಡಿಗೆ ಪಕ್ಕದೂರಿನ ಸಸಿಯನ್ನು ಕೊಳ್ಳುವುದೂ ಸಾಧ್ಯವಾಗಬೇಕು.

ಸರ್ಕಾರದತ್ತ ಬೆರಳು ತೋರಿ ನಾವು ಸುಮ್ಮನಿರುವಂತಿಲ್ಲ. ರೈತರು ಬೇಕಾದ ಪೈರನ್ನು ತಿಂಗಳ ಮೊದಲೇ ತಿಳಿಸಿ ಅಲ್ಪಸ್ವಲ್ಪ ಮುಂಗಡ ಕೊಟ್ಟರೆ, ನರ್ಸರಿಯವರು ಊಹೆಯ ಮೇಲೆ ಬೀಜ ಊರುವುದು ತಪ್ಪುತ್ತದೆ. ಐದಾರು ಮನೆಯವರು ಸೇರಿ ಒಂದೇ ಗಾಡಿಯಲ್ಲಿ ಸಸಿ ತರಿಸಿದರೆ ಓಡಾಟವೂ ಕಡಿಮೆ, ಬಾಡಿಗೆಯೂ ಕಡಿಮೆ. ವಿದ್ಯಾರ್ಥಿ ಮಿತ್ರರು ತಮ್ಮ ಸುತ್ತಲಿನ ಊರುಗಳಲ್ಲಿ ಯಾರ ಬಳಿ ಯಾವ ಸಸಿ ಎಷ್ಟಿದೆ, ಯಾವ ವಾರ ನಾಟಿಗೆ ಬರುತ್ತದೆ ಎಂಬುದನ್ನು ಬರೆದಿಟ್ಟು, ಪಂಚಾಯಿತಿ ಕಚೇರಿಯ ಫಲಕದಲ್ಲಿ ಅಂಟಿಸಬಹುದು. ಈ ಪಟ್ಟಿಯ ಕೆಲಸ ಮಳೆಗೆ ಮೊದಲು ಮುಗಿಯಲಿ. ಮುಂದೊಮ್ಮೆ ರಸ್ತೆ ಮುಚ್ಚಿದಾಗ ಅಧಿಕಾರಿಗಳ ಮುಂದಿಡಲು ನಮ್ಮ ಕೈಯಲ್ಲಿ ಲೆಕ್ಕವಿರುತ್ತದೆ. ನರ್ಸರಿಯ ಗೇಟಿನ ಮುಂದೆ ಸಸಿಗಾಗಿ ಬರುವವರೂ ಇರುತ್ತಾರೆ.