ಸಂಪಾದಕರ ಮಾತು: ಅಳಿದುಳಿದ ಗುರುಗಳು

ನೃತ್ಯಕಲೆಗೆ ಮೀಸಲಾದ ಈ ಸಂಚಿಕೆಯನ್ನು ಸಿದ್ಧಪಡಿಸುತ್ತಿದ್ದಾಗ ನಮ್ಮ ಮನಸ್ಸನ್ನು ಬಹುವಾಗಿ ಹಿಡಿದುನಿಂತದ್ದು ಕಾಂಬೋಡಿಯ ದೇಶದ ಶಾಸ್ತ್ರೀಯ ನೃತ್ಯದ ಕಥೆ. ಕಾವ್ಯವೊಂದು ಓದುವವರಿಲ್ಲದೆ ಓಲೆಗರಿಗಳಲ್ಲಿ ಶತಮಾನಗಳ ಕಾಲ ಉಳಿದಿದ್ದು, ಎಂದೋ ಒಬ್ಬ ವಿದ್ವಾಂಸನ ಕಣ್ಣಿಗೆ ಬಿದ್ದು ಪುನಃ ಬೆಳಕು ಕಾಣಬಹುದು. ಮಣ್ಣಿನಲ್ಲಿ ಹೂತ ವಿಗ್ರಹ ಅಗೆಯುವವನ ಗುದ್ದಲಿಗೆ ಸಿಕ್ಕಬಹುದು. ನೃತ್ಯಕ್ಕಾದರೋ ಅಂಥ ಕಾಯುವಿಕೆ ಸಾಧ್ಯವಿಲ್ಲ. ಬಲ್ಲವರ ದೇಹವೇ ಅದರ ನೆಲೆ. ಒಂದು ತಲೆಮಾರು ಕಲಿಸದೆ ಕಣ್ಮರೆಯಾದರೆ ವಿದ್ಯೆಯೂ ಅದರೊಡನೆ ಹೋಯಿತು.

ರಾಜಧಾನಿ ಫ್ನಾಮ್ ಪೆನ್‌ನ ಅರಮನೆಯ ಆಶ್ರಯದಲ್ಲಿ ಬೆಳೆದ ಈ ಕಲೆಯಲ್ಲಿ ಸ್ತ್ರೀ, ಪುರುಷ, ರಾಕ್ಷಸ, ಕಪಿ ಎಂದು ನಾಲ್ಕು ಬಗೆಯ ಪಾತ್ರಗಳುಂಟು. ರಾಮಾಯಣದ ಖ್ಮೇರ್ ರೂಪವಾದ ‘ರೀಮ್‌ಕೇರ್’ ಅದರ ಮುಖ್ಯ ಕಥಾಮೂಲಗಳಲ್ಲೊಂದು. ಸೇತುಬಂಧದ ಸಮಯದಲ್ಲಿ ಹನುಮಂತನು ಸುವರ್ಣಮತ್ಸ್ಯಕನ್ಯೆಯನ್ನು ಎದುರಿಸಿ ಒಲಿಸಿಕೊಳ್ಳುವ, ವಾಲ್ಮೀಕಿಯಲ್ಲಿ ಕಾಣದ ಪ್ರಸಂಗವು ಅಲ್ಲಿನ ಜನಕ್ಕೆ ಅತ್ಯಂತ ಪ್ರಿಯವಾದುದು. ಹಸ್ತಮುದ್ರೆಗಳು ಚಿಗುರು, ಎಲೆ, ಹೂವು, ಹಣ್ಣುಗಳನ್ನು ಸೂಚಿಸುತ್ತವೆ. ಬೆರಳುಗಳು ಮಣಿಕಟ್ಟಿನ ಕಡೆಗೆ ಬಿಲ್ಲಿನಂತೆ ಹಿಂದಕ್ಕೆ ಬಾಗಬೇಕಾದುದರಿಂದ ಎಳೆಯ ಹುಡುಗಿಯರು ಅವನ್ನು ದಿನವೂ ಒತ್ತಿ ಬಾಗಿಸಿ ಪಳಗಿಸಬೇಕು. ಆಟಕ್ಕೆ ಮುನ್ನ ಜರಿಯ ಉಡುಪನ್ನು ನರ್ತಕಿಯ ಮೈಮೇಲೆಯೇ ಸೂಜಿದಾರದಿಂದ ಹೊಲಿದು ಬಿಗಿಯುತ್ತಾರೆ. 1906ರಲ್ಲಿ ದೊರೆ ಸಿಸೋವತ್ ಅರಮನೆಯ ನೃತ್ಯತಂಡವನ್ನು ಫ್ರಾನ್ಸಿಗೆ ಕರೆದೊಯ್ದಾಗ, ಮಹಾಶಿಲ್ಪಿ ರೋದಾನ್ ಮಂತ್ರಮುಗ್ಧನಾಗಿ ತಂಡದ ಹಿಂದೆಯೇ ಮಾರ್ಸೇಲ್ಸ್‌ಗೆ ಹೋಗಿ ನರ್ತಕಿಯರ ಭಂಗಿಗಳನ್ನು ಚಿತ್ರಿಸಿದನು.

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆಗಳು ರಾಜಧಾನಿಯನ್ನು ಹಿಡಿದು, ನಗರವನ್ನೇ ಬರಿದುಮಾಡಿ, ಜನರನ್ನು ಹೊಲಗದ್ದೆಗಳ ದುಡಿಮೆಗೆ ಅಟ್ಟಿದುವು. 1979ರ ಜನವರಿಯವರೆಗಿನ ಆ ಆಳ್ವಿಕೆಯಲ್ಲಿ ಹಸಿವು, ರೋಗ, ಕೊಲೆಗಳಿಂದ ಸುಮಾರು 17 ಲಕ್ಷ ಜನ ಸತ್ತರೆಂದು ಅಂದಾಜು. ಅರಮನೆಯ ನೃತ್ಯವು ಹಳೆಯ ವ್ಯವಸ್ಥೆಯ ಲಾಂಛನವೆಂದು ಎಣಿಸಲ್ಪಟ್ಟುದರಿಂದ ನರ್ತಕಿಯರು ತಮ್ಮ ಹೆಸರನ್ನೂ ವೃತ್ತಿಯನ್ನೂ ಮರೆಮಾಚಿ ಬದುಕಬೇಕಾಯಿತು. ಕಲಾವಿದರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಉಳಿಯಲಿಲ್ಲವೆಂದು ಹೇಳುವುದುಂಟು.

ಉಳಿದವರಲ್ಲಿ ಚೇಯಾ ಸಾಮಿ ಒಬ್ಬರು. ಬಾಲ್ಯದಲ್ಲಿಯೇ ಅರಮನೆಯನ್ನು ಸೇರಿ ನೃತ್ಯ ಕಲಿತ ಈಕೆ ಕೈಹಿಡಿದದ್ದು ಖ್ಮೇರ್ ರೂಜ್ ನಾಯಕ ಪಾಲ್ ಪಾಟನ ಅಣ್ಣನನ್ನು. ಸಲೋತ್ ಸಾರ್ ಎಂಬ ನಿಜನಾಮದ ಪಾಲ್ ಪಾಟನಿಗೆ ಹುಡುಗನಾಗಿದ್ದಾಗ ಆ ದಂಪತಿಗಳ ಮನೆಯೇ ಆಶ್ರಯವಾಗಿತ್ತು. ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಎಲ್ಲರಂತೆ ಹಳ್ಳಿಯಲ್ಲಿ ದುಡಿಯುತ್ತಿದ್ದ ಸಾಮಿ, ನಾಡನ್ನಾಳುವ ‘ಪಾಲ್ ಪಾಟ್’ ಯಾರೆಂಬುದನ್ನು ಅರಿತದ್ದು ಸಾಮೂಹಿಕ ಭೋಜನಶಾಲೆಯಲ್ಲಿ ತೂಗುಹಾಕಿದ ಅವನ ಭಾವಚಿತ್ರವನ್ನು ಕಂಡಾಗ. ತನ್ನ ಮನೆಯ ಅನ್ನವುಂಡು ಬೆಳೆದವನ ಆಳ್ವಿಕೆಯಲ್ಲಿ ತನ್ನ ವಿದ್ಯೆ ನಾಶವಾದುದನ್ನು ಕಂಡ ಆ ತಾಯಿ, ಶೋಕದಲ್ಲಿ ಕುಸಿಯದೆ ಫ್ನಾಮ್ ಪೆನ್‌ಗೆ ಮರಳಿ, ಪುನಃ ತೆರೆದ ಲಲಿತಕಲಾ ಶಾಲೆಯಲ್ಲಿ 1994ರಲ್ಲಿ ಕಣ್ಮುಚ್ಚುವವರೆಗೂ ಮಕ್ಕಳಿಗೆ ಪಾಠ ಹೇಳಿದರು.

ಆ ಶಾಲೆಯಲ್ಲಿ ನಡೆದುದನ್ನು ಜೀರ್ಣೋದ್ಧಾರವೆನ್ನುವುದಕ್ಕಿಂತ ಸಾಮೂಹಿಕ ಸ್ಮರಣೆಯೆನ್ನುವುದು ಯುಕ್ತ. ನಾಯಕಿಯ ಪಾತ್ರ ಬಲ್ಲವರು ಅದರ ಚಲನೆಗಳನ್ನೂ, ಪ್ರೋಯಿಂಗ್ ಛಿಯೆಂಗ್‌ರಂಥ ಕಪಿಪಾತ್ರಧಾರಿಗಳು ಕಪಿಯ ಲಂಘನಗಳನ್ನೂ, ಎಮ್ ಥೇಯ್ ಅವರಂಥವರು ಹಾಡುಗಳನ್ನೂ ನೆನೆನೆನೆದು ಒಪ್ಪಿಸಿ, ಒಬ್ಬರಿಗೆ ಮರೆತುದನ್ನು ಮತ್ತೊಬ್ಬರು ತುಂಬಿಕೊಟ್ಟರು. ಶಿಷ್ಯರಲ್ಲಿ ಅನೇಕರು ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು. ಥಾಯ್ ಗಡಿಯ ಖಾವ್-ಇ-ದಾಂಗ್ ನಿರಾಶ್ರಿತರ ಶಿಬಿರದಲ್ಲಿಯೂ ಇದೇ ಪಾಠ ನಡೆಯಿತು. ಗುರುವಾರದಂದು ಹಣ್ಣು, ಹೂವು, ಧೂಪಗಳನ್ನಿಟ್ಟು ನಡೆಸುವ ‘ಸಂಪೇಹ್ ಕ್ರೂ’ ಎಂಬ ಗುರುವಂದನೆಯೂ ಮರಳಿ ಬಂದಿತು. ಹೆಸರು ಹೇಳಲೂ ಅಂಜಬೇಕಾಗಿದ್ದ ಗುರುಗಳಿಗೆ ಬಹಿರಂಗವಾಗಿ ಕೈಮುಗಿಯುವ ಹಕ್ಕು ಹಾಗೆ ದೊರಕಿತು.

ರಾಜಕುಮಾರಿ ಬುಪ್ಫಾ ದೇವಿ ಮೊದಲಾದವರ ಶ್ರಮದಿಂದ 2003ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಯೆಂದು ಸಾರಿತು. ಆ ಗೌರವ ಉಚಿತವೇ. ಆದರೆ ಕಲೆ ಬದುಕಿತೆಂಬುದಕ್ಕೆ ನಮಗೆ ಹೆಚ್ಚಿನ ಪ್ರಮಾಣವಾಗಿ ತೋರುವುದು ಬೇರೊಂದು ಸಂಗತಿ. ಆ ಶಾಲೆಯ ಮೊದಲ ತಂಡದ ವಿದ್ಯಾರ್ಥಿನಿಯರಲ್ಲೊಬ್ಬರಾದ ಸೋಫಿಲಿನ್ ಚೀಮ್ ಷಪಿರೊ, ಶೇಕ್ಸ್‌ಪಿಯರನ ‘ಒಥೆಲೊ’ವನ್ನು ಆಧರಿಸಿ, ಗುರುಗಳು ಕಲಿಸಿದ ಮುದ್ರೆಗಳಲ್ಲಿಯೇ ‘ಸಮ್ರಿತೆಚಕ್’ ಎಂಬ ಹೊಸ ನೃತ್ಯನಾಟಕವನ್ನು ರಚಿಸಿದರು. ಹಿಂದಿನದನ್ನು ಯಥಾವತ್ತಾಗಿ ಒಪ್ಪಿಸುವಷ್ಟಕ್ಕೇ ನಿಂತ ಶಿಷ್ಯವೃಂದ ವಿದ್ಯೆಗೆ ಕಾವಲಾಗಬಹುದೇ ಹೊರತು ವಾರಸಾಗಲಾರದು. ತನ್ನ ಕಾಲದ ನೋವನ್ನು ಆ ಭಾಷೆಯಲ್ಲಿ ನುಡಿಯುವ ಧೈರ್ಯ ಬಂದಾಗಲೇ ಪುನರುಜ್ಜೀವನ ಪೂರ್ಣವಾಗುತ್ತದೆ. ಕಲೆಯ ಉಳಿವನ್ನು ಬಯಸುವ ಸರ್ಕಾರಗಳೂ ದಾನಿಗಳೂ ಉತ್ಸವಗಳಿಗೆ ಹಣ ಸುರಿಯುವ ಮುನ್ನ, ವೃದ್ಧ ಗುರುಗಳ ಜೀವನೋಪಾಯಕ್ಕೂ ಕಲಿಯುವ ಮಕ್ಕಳ ಅನ್ನವಸ್ತ್ರಕ್ಕೂ ಏರ್ಪಾಡುಮಾಡಲಿ ಎಂಬುದು ನಮ್ಮ ದೃಢವಾದ ಪ್ರಾರ್ಥನೆ.